ಎದುರು ಪ್ರವಾಹ

ಇವತ್ತು ಕ್ಲಾಸಿನಲ್ಲಿ ಹೆಂಡತಿ ಏನು ಕೇಳುತ್ತಾಳೋ ಎಂಬ ಯೋಚನೆಯಲ್ಲಿ ಮೇಷ್ಟ್ರು ಗಡ್ಡ ಹೆರೆದುಕೊಳ್ಳುವಾಗ ಕೆನ್ನೆ ಕುಯ್ದುಕೊಂಡರು. ಕನ್ನಡಿಯೊಳಗೆ ರಕ್ತದ ಸಣ್ಣ ಗೆರೆಯೊಂದು ಯಾರ ಅಪ್ಪಣೆಗೂ ಕಾಯದೆ ಗದ್ದದ ಕಡೆ ಇಳಿಯಿತು. ಇಳಿಜಾರು ಕಂಡಲ್ಲಿ ಇಳಿಯುವುದು ದ್ರವದ ಸ್ವಭಾವ. ಜೀವಮಾನವೆಲ್ಲ ಅದನ್ನೇ ಬೇರೆ ಬೇರೆ ಸಮೀಕರಣಗಳಲ್ಲಿ ಬರೆದು ಸಂಬಳ ತೆಗೆದುಕೊಂಡಿದ್ದ ಮನುಷ್ಯನಿಗೆ ಅದು ಈಗ ಬೇಕೆಂದೇ ಮಾಡಿದ ಅವಮಾನದಂತೆ ಕಂಡಿತು. ಹತ್ತಿಯ ಚೂರೊಂದನ್ನು ಕೆನ್ನೆಗೆ ಅಂಟಿಸಿಕೊಂಡು ಹೊರಗೆ ಬಂದರೆ ಅವಳು ಆಗಲೇ ತಯಾರಾಗಿ, ಹೆಗಲಿಗೆ ಚೀಲ ಏರಿಸಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಮೊದಲ ದಿನ ಶಾಲೆಗೆ ಹೊರಟ ಮಗುವಿನಂತೆ ಕೂತಿದ್ದಳು. ಕೆನ್ನೆಯ ಹತ್ತಿಯನ್ನು ನೋಡಿದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದೆ ಇದ್ದಾಗ ಮೇಷ್ಟ್ರಿಗೆ ಹೆಚ್ಚು ಹೇಳಿಸಿಕೊಂಡಂತೆ ಆಗುತ್ತಿತ್ತು.

"ನೀವು ಮುಂದಿನ ಬಾಗಿಲಲ್ಲಿ ಹತ್ತಿ, ನಾನು ಹಿಂದಿನ ಬಾಗಿಲಲ್ಲಿ ಹತ್ತುತ್ತೀನಿ," ಎಂದಳು ಬಸ್ ಸ್ಟಾಪಿನಲ್ಲಿ. "ಮೇಷ್ಟ್ರ ಜೊತೆ ಒಟ್ಟಿಗೆ ಇಳಿದ್ರೆ ಹುಡುಗರು ಏನಂದ್ಕೊಳ್ಳಲ್ಲ? ಇವಳಿಗೆ ಪ್ರಶ್ನೆಪತ್ರಿಕೆ ಮೊದಲೇ ಸಿಗತ್ತೆ ಅಂತ."

"ಬೇರೆ ಬೇರೆ ಇಳಿದ್ರೆ ಗಂಡ ಹೆಂಡಿರು ಜಗಳ ಆಡಿದಾರೆ ಅಂದ್ಕೊತಾರೆ."

"ಅಂದ್ಕೊಳ್ಳಲಿ. ಜಗಳ ಆಡೋಷ್ಟಾದರೂ ಮಾತಾಡ್ತಾರಲ್ಲ ಅಂತ ಸಂತೋಷಪಡ್ತಾರೆ."

ಬಸ್ಸಿನಲ್ಲಿ ಅವಳು ಹಿಂದೆ, ಇವರು ಮುಂದೆ. ಕುತ್ತಿಗೆಯ ಹಿಂಭಾಗದಲ್ಲಿ ಯಾರೋ ಬೆರಳಿಟ್ಟ ಹಾಗೆ ಅವಳ ಕಣ್ಣು ಅಲ್ಲೇ ಇದೆ ಎಂದು ಮೇಷ್ಟ್ರಿಗೆ ಗ್ಯಾರಂಟಿ. ತಿರುಗಿ ನೋಡಿದರೆ ಅವಳು ಕಿಟಕಿಯಾಚೆ ಬಂದರಿನ ಕ್ರೇನುಗಳನ್ನು ನೋಡುತ್ತಿದ್ದಳು. ಅದೂ ನಾಟಕವೇ ಇರಬೇಕು. ಇದಕ್ಕೆಲ್ಲ ಕಾರಣ ಯಾರು ಎಂದರೆ ಅವರೇ, ಅವರ ಬಾಯಿಯೇ. 'ಭೌತ ಸಾಗರ ವಿಜ್ಞಾನದ ಮೂಲತತ್ವಗಳು' ಎಂಬ ಅವರ ಪಾಠಕ್ಕೆ ವರ್ಷವರ್ಷ ಸೇರುವವರು ಇಳಿಯುತ್ತ ಬಂದು, ಕೊನೆಗೆ ತಲೆಗಳಿಗಿಂತ ಫ್ಯಾನುಗಳೇ ಹೆಚ್ಚಾದಾಗ, ವಿಭಾಗದ ಮುಖ್ಯಸ್ಥೆ ಊರಿನ ಜನರೂ ಬಂದು ಕೂರಬಹುದು ಎಂದು ಬಾಗಿಲು ತೆಗೆದಳು. ಆ ಮುಖ್ಯಸ್ಥೆ ಅವರದೇ ಹಳೆಯ ವಿದ್ಯಾರ್ಥಿನಿ; ಒಂದು ಕಾಲದಲ್ಲಿ ಅವರ ಪಾಠವನ್ನು ಮೂರು ವರ್ಷ ಕೇಳಿ ಒಮ್ಮೆಯೂ ನಗದೆ ಪಾಸಾಗಿ ಹೋದವಳು, ಈಗ ಅವರ ರಜೆ ಅರ್ಜಿಗೆ ಸಹಿ ಹಾಕುವವಳು. ಆ ಸುದ್ದಿಯನ್ನು ಮೇಷ್ಟ್ರು ಊಟದ ಮೇಜಿನಲ್ಲಿ ನಗುತ್ತ ಹೇಳಿದ್ದರು. "ಇನ್ನು ಮನೆಯಲ್ಲಿ ಹೊತ್ತು ಹೋಗದ ಮುದುಕಿಯರಿಗೆಲ್ಲ ನಾನು ಸಮುದ್ರ ಕಲಿಸಬೇಕು!" ಎದುರಿಗೆ ಕೂತವಳು ಆ ವಾರವಷ್ಟೇ ನಿವೃತ್ತಳಾಗಿದ್ದಳು ಎಂಬುದು ನಗು ಮುಗಿದ ಮೇಲೆ ನೆನಪಾಯಿತು. ಮುಂದಿನ ಸೋಮವಾರ ಕ್ಲಾಸಿಗೆ ಹೋದರೆ ಮೂರನೆಯ ಬೆಂಚಿನಲ್ಲಿ, ಗೋಡೆಯ ಕಡೆ, ಅವಳು.

ಅವಳು ಕೆಲಸ ಮಾಡಿದ್ದು ನಗರದ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ. ನಲ್ಲಿಯಲ್ಲಿ ನೀರು ಬಾರದವರು, ಬಂದರೂ ಕೆಸರು ಬಂದವರು, ಪಕ್ಕದ ಮನೆಗೆ ಮಾತ್ರ ಬಂದವರು, ಎಲ್ಲರೂ ಅವಳ ಕಿಟಕಿಯ ಮುಂದೆ ನಿಂತು ಕೂಗಾಡುತ್ತಿದ್ದರು. ಅವಳು ಮೂರೇ ಪ್ರಶ್ನೆ ಕೇಳುತ್ತಿದ್ದಳು: ಯಾವಾಗಿಂದ, ಎಲ್ಲಿ, ಯಾಕೆ ಅಂತ ನಿಮಗನ್ನಿಸತ್ತೆ. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕೂಗಾಡುವವರ ಗಂಟಲು ತಾನೇ ಇಳಿಯುತ್ತಿತ್ತಂತೆ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಸ್ನೇಹಿತರ ಮುಂದೆ ಹೇಳುತ್ತಿದ್ದ ಜೋಕು: ಊರಿನ ನೀರಿನ ಖಾತೆಯೆಲ್ಲ ನಮ್ಮ ಮನೆಯದೇ, ಸಮುದ್ರದ್ದು ನಾನು ನೋಡಿಕೊಳ್ಳುತ್ತೇನೆ, ಚರಂಡಿಯದ್ದು ಅವಳು. ಸ್ನೇಹಿತರು ನಗುತ್ತಿದ್ದರು. ಅವಳೂ ನಗುತ್ತಿದ್ದಳು ಎಂದು ಮೇಷ್ಟ್ರ ನೆನಪು. ಆದರೆ ಈಚೆಗೆ ತಮ್ಮ ನೆನಪಿನ ಮೇಲೆ ಅವರಿಗೆ ಮೊದಲಿನ ವಿಶ್ವಾಸ ಉಳಿದಿರಲಿಲ್ಲ. ಕ್ಲಾಸಿನಲ್ಲಿ ಅವಳನ್ನು ಏನೆಂದು ಕರೆಯುವುದು ಎಂಬುದೇ ಮೊದಲ ದಿನದ ಸಂಕಟ. ನೀನು ಎಂದರೆ ಮಿಕ್ಕ ವಿದ್ಯಾರ್ಥಿಗಳ ಮುಂದೆ ಮರ್ಯಾದೆಯಲ್ಲ, ನೀವು ಎಂದರೆ ಸ್ವಂತ ಹೆಂಡತಿಯ ಮುಂದೆ ಮರ್ಯಾದೆಯಲ್ಲ. ಹಾಗಾಗಿ ಅವಳ ಪ್ರಶ್ನೆಗೆಲ್ಲ ಮೇಷ್ಟ್ರು ಹಿಂದಿನ ಗೋಡೆಯ ಗಡಿಯಾರಕ್ಕೆ ಉತ್ತರ ಹೇಳತೊಡಗಿದರು. ಅವಳಿಗೆ ಆ ತೊಂದರೆಯೇ ಇಲ್ಲ. ಎದ್ದು ನಿಂತು ಸ್ವಚ್ಛವಾಗಿ "ಸಾರ್" ಎನ್ನುತ್ತಿದ್ದಳು. ಮನೆಯಲ್ಲಿ ಒಂದು ದಿನವೂ ಸಿಗದ ಗೌರವ ಹೀಗೆ ಹತ್ತು ಜನರ ಎದುರು ಸಿಕ್ಕಿದ್ದರಿಂದ ಮೇಷ್ಟ್ರಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಅಲೆಗಳ ಪಾಠದ ದಿನ ಅವರು ತಮ್ಮ ಪ್ರಸಿದ್ಧ ವಾಕ್ಯವನ್ನು ಹೇಳಿದರು. ಅಲೆ ಬರುತ್ತದೆ, ನೀರು ಬರುವುದಿಲ್ಲ. ನೀರು ಇದ್ದಲ್ಲೇ ಸುತ್ತಿ ಇದ್ದಲ್ಲಿಗೇ ಬರುತ್ತದೆ, ಮುಂದೆ ಸಾಗುವುದು ಬರೀ ಆಕಾರ. ಹೇಳಿ, ವಾಕ್ಯ ಇಂಗಲೆಂದು ಎಂದಿನಂತೆ ಕೈಯ ಸುಣ್ಣ ಒರೆಸಿಕೊಂಡರು. ಮೂರನೆಯ ಬೆಂಚು ಎದ್ದಿತು. "ಹಾಗಾದ್ರೆ ದಡಕ್ಕೆ ಬಂದು ಕಾಲು ಒದ್ದೆ ಮಾಡೋದು ಏನು ಸಾರ್, ಆಕಾರಾನಾ?" ಕ್ಲಾಸು ಗೊಳ್ಳೆಂದಿತು. ಸದಾ ಬಾಯಿ ತೆರೆದೇ ಇರುತ್ತಿದ್ದುದರಿಂದ ಮೇಷ್ಟ್ರು ಮನಸ್ಸಿನಲ್ಲೇ 'ಆಕಳಿಕೆ' ಎಂದು ಹೆಸರಿಟ್ಟಿದ್ದ ಹುಡುಗಿ ಕೂಡ ಅವತ್ತು ನಗುವುದಕ್ಕೆ ಬಾಯಿ ತೆರೆದಳು. "ಅದು ಮುಂದಿನ ಅಧ್ಯಾಯ," ಎಂದರು ಮೇಷ್ಟ್ರು ಗಡಿಯಾರಕ್ಕೆ. ಆವತ್ತಿನಿಂದ ಅವರಿಗೆ ಖಾತ್ರಿಯಾಗಿತ್ತು, ಇವಳು ಕಲಿಯಲು ಬಂದವಳಲ್ಲ, ಹಿಡಿಯಲು ಬಂದವಳು. ಯಾವ ತಪ್ಪಿಗೆ ಎಂಬುದೊಂದೇ ತಿಳಿಯದು. ಆರಿಸಿಕೊಳ್ಳಲು ಸಾಕಷ್ಟಿದ್ದವು.

ಇವತ್ತು ಅದಕ್ಕೇ ಅವರು ಒಂದು ಪ್ರಯೋಗ ಇಟ್ಟುಕೊಂಡಿದ್ದರು; ಪ್ರಯೋಗ ನಡೆಯುವಾಗ ಯಾರೂ ಮಾತಾಡುವುದಿಲ್ಲ. ಉದ್ದನೆಯ ಗಾಜಿನ ತೊಟ್ಟಿ, ನಡುವೆ ಒಂದು ತಡೆಹಲಗೆ. ಒಂದು ಕಡೆ ಸಾದಾ ನೀರು, ಇನ್ನೊಂದು ಕಡೆ ನೀಲಿ ಬಣ್ಣ ಬೆರೆಸಿದ ಉಪ್ಪುನೀರು. ಹಲಗೆ ಎಳೆದರು. ನೀಲಿ ನೀರು ನಾಲಿಗೆಯಂತೆ ಚಾಚಿ ಸಾದಾ ನೀರಿನ ಅಡಿಗೆ ಸರಿದು, ಆ ತುದಿಯ ಗಾಜಿಗೆ ಬಡಿದು, ಕೆಳಗೆ ತನ್ನ ಪಾಡಿಗೆ ತಾನು ಹಾಸಿಕೊಂಡಿತು. ಮೇಲೆ ತಿಳಿ, ಕೆಳಗೆ ನೀಲಿ. ಎಷ್ಟು ಸಲ ನೋಡಿದ್ದರೂ ಮೇಷ್ಟ್ರಿಗೆ ಆ ಕ್ಷಣದಲ್ಲಿ ಎದೆ ತುಂಬಿ ಬರುತ್ತಿತ್ತು. "ಉಪ್ಪು ಹೆಚ್ಚಿದ ನೀರು ಭಾರ. ಭಾರದ್ದು ತಳ ಸೇರುತ್ತದೆ. ಧ್ರುವದ ಹತ್ತಿರ ತಣ್ಣಗಾಗಿ ಹೀಗೆ ಮುಳುಗಿದ ನೀರು ಮತ್ತೆ ಮೇಲೆ ಬರಲು ಸಾವಿರ ವರ್ಷ ಹಿಡಿಯಬಹುದು," ಎಂದರು. ಸಾವಿರ ವರ್ಷ ಎನ್ನುವಾಗ ಕಣ್ಣು ತಾನಾಗಿ ಮೂರನೆಯ ಬೆಂಚಿಗೆ ಹೋಯಿತು. ಅವಳ ಮನಸ್ಸಿನ ತಳ ಸೇರಿದ ಮಾತುಗಳಿಗೆ ಹೋಲಿಸಿದರೆ ಸಮುದ್ರ ತುಂಬ ಆತುರದ್ದು ಎನ್ನಿಸಿತು.

"ಸಾರ್, ಅದು ಉಪ್ಪಲ್ಲ," ಎಂದಳು ಅವಳು.

"ಏನು?"

"ಸಕ್ಕರೆ. ಬೆಳಿಗ್ಗೆ ನೀವು ಅಡುಗೆಮನೆಯಿಂದ ಪೊಟ್ಟಣ ಕಟ್ಕೊಂಡು ಬಂದ್ರಲ್ಲ, ಅದು ಸಕ್ಕರೆ ಡಬ್ಬ."

ಆಕಳಿಕೆ ಎದ್ದು ಬಂದು, ತಡೆಯುವುದರೊಳಗೆ, ಉಳಿದ ಪೊಟ್ಟಣಕ್ಕೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. "ಹೂಂ, ಸಿಹಿ!" ನಗುವಿನ ನಡುವೆ ಮೇಷ್ಟ್ರು ದನಿ ಏರಿಸಿ, ಸಕ್ಕರೆ ಕರಗಿದರೂ ನೀರು ಭಾರವೇ ಆಗುತ್ತದೆ, ತತ್ವಕ್ಕೆ ಏನೂ ಊನವಿಲ್ಲ ಎಂದು ವಿವರಿಸಿದರು. ಅದು ನಿಜವೂ ಆಗಿತ್ತು. ಆದರೆ ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಉಂಡ ಮನುಷ್ಯನಿಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯದು ಎಂಬುದು ಯಾವ ತತ್ವದೊಳಗೆ ಬರುತ್ತದೆಂದು ಯಾರೂ ಕೇಳಲಿಲ್ಲ. ಅವಳು ಪೊಟ್ಟಣ ಕಟ್ಟುವುದನ್ನು ನೋಡಿಯೂ ಬೆಳಿಗ್ಗೆ ಸುಮ್ಮನಿದ್ದಳಲ್ಲ, ಅದನ್ನು ನೆನೆದು ಮೇಷ್ಟ್ರ ಕಿವಿ ಬಿಸಿಯಾಯಿತು.

ಬೇಗ ಬೇಗ ಅವರು ಪ್ರವಾಹಗಳಿಗೆ ಜಾರಿಕೊಂಡರು. ಸಮುದ್ರದ ಮೇಲ್ಮೈ ಚಪ್ಪಟೆಯಲ್ಲ, ಅಲ್ಲಲ್ಲಿ ಮನುಷ್ಯನ ಸೊಂಟದೆತ್ತರದ ದಿಬ್ಬಗಳಿವೆ. ಆದರೆ ಅವು ನೂರಾರು ಮೈಲಿ ಅಗಲಕ್ಕೆ ಹರಡಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ದಿಬ್ಬದಿಂದ ನೀರು ಇಳಿಯಲು ಹೊರಡುತ್ತದೆ, ಆದರೆ ಭೂಮಿ ತಿರುಗುತ್ತಿರುವುದರಿಂದ ಅದರ ದಾರಿ ಪಕ್ಕಕ್ಕೆ ವಾಲುತ್ತದೆ. ವಾಲಿ ವಾಲಿ, ಕೆಳಗಿಳಿಯುವ ಬದಲು ಅದು ದಿಬ್ಬದ ಸುತ್ತ ಸುತ್ತುತ್ತದೆ. ದೊಡ್ಡ ದೊಡ್ಡ ಪ್ರವಾಹಗಳೆಲ್ಲ ಹೀಗೆ ಇಳಿಯಲಾಗದೆ ಸುತ್ತು ಹೊಡೆಯುವ ನೀರೇ. ಹೇಳುತ್ತ ಹೇಳುತ್ತ ಮೇಷ್ಟ್ರಿಗೆ ಉಸಿರು ಸರಿಯಾಯಿತು. ಇಲ್ಲಿ ಸಕ್ಕರೆಗೆ ಅವಕಾಶವಿರಲಿಲ್ಲ. ಮೂರನೆಯ ಬೆಂಚು ಮತ್ತೆ ಎದ್ದಿತು.

"ಸಾರ್, ಇಂಥ ಪ್ರವಾಹ ತೀರಾ ಜೋರು ಅಂದ್ರೆ ಎಷ್ಟು ಜೋರಿರತ್ತೆ?"

ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಬಂತು, ಎಂದುಕೊಂಡರು. ಕೊನೆಗೂ ಬಂತು. "ಅದು... ಜಾಗ, ಋತು, ಆಳ, ಎಲ್ಲದರ ಮೇಲೆ ಹೋಗುತ್ತದೆ," ಎಂದರು. ಆಕಳಿಕೆಗೆ ಅವತ್ತು ಏನು ಬಂದಿತ್ತೋ, ಫೋನು ತೆಗೆದು ನೋಡಿ, "ಗಂಟೆಗೆ ಒಂಬತ್ತು ಕಿಲೋಮೀಟರ್ ಅಂತಿದೆ ಸಾರ್, ಅದೇ ಜಾಸ್ತಿಯಂತೆ. ನಾನು ಬಸ್ಸಿಗೆ ಓಡೋದೇ ಅಷ್ಟು," ಎಂದಳು.

"ಹಡಗು?" ಎಂದು ಕೇಳಿದಳು ಹೆಂಡತಿ. "ನಮ್ಮ ಕಾಲೇಜಿನವರು ಅಳತೆಗೆ ಹೋಗೋ ಅಂಥ ಹಡಗು?"

"ಇಪ್ಪತ್ತು," ಎಂದಿತು ಮೇಷ್ಟ್ರ ಬಾಯಿ.

"ಹಾಗಾದ್ರೆ ಪ್ರವಾಹ ಎದುರಾದ್ರೂ ಹಡಗು ವಾಪಸ್ ಬರೋಕೆ ಏನೂ ತೊಂದರೆ ಇಲ್ಲ. ಸ್ವಲ್ಪ ತಡ ಆಗತ್ತೆ ಅಷ್ಟೆ."

"ಅಷ್ಟೆ," ಎಂದರು ಮೇಷ್ಟ್ರು. ಈ ಸಲ ಗಡಿಯಾರವೂ ಅವರಿಗೆ ಮುಖ ಕೊಡಲಿಲ್ಲ. ಅವಳು ತಲೆಯಾಡಿಸಿ ಕೂತಳು. ಕರಿಹಲಗೆಯ ಮೇಲೆ ತಾವೇ ಬರೆದ ಬಾಣದ ಗುರುತುಗಳು ದಿಬ್ಬವನ್ನು ಸುತ್ತುತ್ತಲೇ ಇದ್ದವು, ಮೇಷ್ಟ್ರ ಕಾಲಡಿಯಲ್ಲಿ ಕಬ್ಬಿಣದ ನೆಲ ಮೆಲ್ಲನೆ ಎದ್ದು ಇಳಿಯಿತು, ಡೀಸೆಲ್ ವಾಸನೆ ಬಂತು. ಎಷ್ಟೋ ವರ್ಷದ ಹಿಂದಿನ ಆ ಹಡಗಿನ ಕ್ಯಾಪ್ಟನ್ನು ರೇಡಿಯೋ ಕೋಣೆಯ ಬಾಗಿಲಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ. "ನಿಮ್ಮ ಮಾವನಿಗೆ ತೀರಾ ಹುಷಾರಿಲ್ಲವಂತೆ. ಹೇಗೂ ನಾಳೆ ಬೆಳಿಗ್ಗೆ ಎಣ್ಣೆ ತುಂಬಿಸೋಕೆ ಬಂದರಿಗೆ ಹೋಗ್ತೀವಿ. ಇಳಿದುಬಿಡಿ ಮೇಷ್ಟ್ರೆ, ಸಂಜೆಗೆ ಮನೆ ಸೇರ್ತೀರಿ." ಮಾವ ಟೈಲರು. ಅಂಗಡಿಗೆ ಬಂದವರ ಎದೆಗೆ ಟೇಪು ಸುತ್ತುತ್ತ, "ನಾನು ನಿಮ್ಮ ಸುತ್ತಳತೆ ತೆಗೀತೀನಿ, ನನ್ನ ಅಳಿಯ ಸಮುದ್ರದ ಸುತ್ತಳತೆ ತೆಗೀತಾನೆ," ಎಂದು ಕೇಳದವರಿಗೂ ಹೇಳುತ್ತಿದ್ದ ಮನುಷ್ಯ. ಆ ಪ್ರಯಾಣಕ್ಕೆಂದೇ ಒಳಜೇಬುಗಳ ಕೋಟು ಹೊಲಿದು ಕೊಟ್ಟಿದ್ದರು. ಒಂದು ಜೇಬು ಪೆನ್ನಿಗೆ, ಒಂದು ಕನ್ನಡಕಕ್ಕೆ, ಒಂದು ಸುಮ್ಮನೆ, ಹಡಗಿನಲ್ಲಿ ಏನು ಬೇಕಾಗುತ್ತೋ ಯಾರಿಗೆ ಗೊತ್ತು. ಆ ಕೋಟು ಹಾಕಿಕೊಂಡೇ ಮೇಷ್ಟ್ರು ಕ್ಯಾಪ್ಟನ್ನಿಗೆ "ನೋಡೋಣ" ಎಂದಿದ್ದರು. ಇನ್ನೆರಡು ಕಡೆ ಯಂತ್ರ ಇಳಿಸಿ ಆಳದ ಉಪ್ಪು ಅಳೆಯುವುದಿತ್ತು. ಅದು ತಾವು ತಮಗೆ ಹೇಳಿಕೊಂಡ ಕಾರಣ. ಅದರ ಅಡಿಯಲ್ಲಿ, ತೊಟ್ಟಿಯ ನೀಲಿಯಂತೆ ತಣ್ಣಗೆ ಹಾಸಿಕೊಂಡಿದ್ದುದು ಬೇರೆ: ಆಸ್ಪತ್ರೆಯ ಫಿನಾಯಿಲ್, ಬಿಳಿ ಹಾಸಿಗೆ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳುಗಳು ತಮ್ಮ ಕೈ ಹಿಡಿದುಕೊಂಡರೆ ಬಿಡಿಸಿಕೊಳ್ಳುವುದು ಹೇಗೆ ಎಂಬ ದಿಗಿಲು. 'ಪ್ರವಾಹ ಎದುರಾಗಿದೆ, ಹಡಗು ತಿರುಗಿಸಲಾಗುತ್ತಿಲ್ಲ' ಎಂದು ಸಂದೇಶ ಕಳಿಸಿದರು. ವಾಕ್ಯ ಚೆನ್ನಾಗಿ ಬಂದಿದೆ ಎಂದು ಆಗ ಅನ್ನಿಸಿತ್ತು ಕೂಡ. ಹಡಗು ಬಂದರಿಗೆ ಹೋಗಿ, ಎಣ್ಣೆ ಕುಡಿದು, ಮೇಷ್ಟ್ರನ್ನು ಒಳಗಿಟ್ಟುಕೊಂಡೇ ಮತ್ತೆ ಕಡಲಿಗೆ ತಿರುಗಿತು. ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ಕೊನೆಯ ದಿನ ಅಪ್ಪ ಬಾಗಿಲ ಕಡೆಯೇ ನೋಡುತ್ತಿದ್ದರು, ಅಳಿಯ ಬಂದನಾ ಅಂತ ಕೇಳುತ್ತಿದ್ದರು ಎಂದಷ್ಟೇ ಅವಳು ಹೇಳಿದ್ದಳು. ಆ ಅಳತೆಗಳಿಂದ ಮೇಷ್ಟ್ರು ಒಂದು ಪ್ರಬಂಧ ಬರೆದರು. ಜಗತ್ತಿನಲ್ಲಿ ಅದನ್ನು ನಾಲ್ಕು ಸಲ ಉಲ್ಲೇಖಿಸಿದ್ದಾರೆ. ಮೂರು ಸಲ ಅವರೇ. ನಾಲ್ಕನೆಯವನು ಅದು ತಪ್ಪೆಂದು ತೋರಿಸಲು.

"ಸಾರ್, ಗಂಟೆ ಆಯ್ತು," ಎಂದಳು ಆಕಳಿಕೆ.

ಕಾರಿಡಾರಿನಲ್ಲಿ ಜವಾನ ಬಂದು, ಮೇಡಂ ಕರೀತಿದಾರೆ ಎಂದ. ಮೇಷ್ಟ್ರಿಗೆ ಈಗ ಆಶ್ಚರ್ಯವೇನೂ ಉಳಿದಿರಲಿಲ್ಲ. ದೂರು ಕೇಳಿಯೇ ಬದುಕಿದವಳಿಗೆ ದೂರು ಕೊಡುವುದೂ ತಿಳಿದೇ ಇರುತ್ತದೆ. ಮುಖ್ಯಸ್ಥೆಯ ಕೋಣೆಯಲ್ಲಿ ಎ.ಸಿ.ಯ ಕೆಳಗಿನ ಕುರ್ಚಿಯೇ ಯಾವಾಗಲೂ ಅವರಿಗೆ ಸಿಗುವುದು. "ಕೂತ್ಕೊಳ್ಳಿ ಸಾರ್. ನಿಮ್ಮ ವಿದ್ಯಾರ್ಥಿನಿ ವಿಷಯ ಮಾತಾಡಬೇಕಿತ್ತು," ಎಂದಳು ಅವಳು. "ನಿಮ್ಮ ಮನೆಯವರದ್ದು."

"ಅವಳು ಏನಾದರೂ ಹೇಳಿದ್ದರೆ ಅದಕ್ಕೆ ಹಿನ್ನೆಲೆ ಇದೆ," ಎಂದರು ಮೇಷ್ಟ್ರು.

"ಏನಿಲ್ಲ ಸಾರ್, ಒಳ್ಳೇ ವಿಷಯ. ಮುಂದಿನ ತಿಂಗಳು ನಮ್ಮ ಹಡಗು ಹೊರಡ್ತಿದೆಯಲ್ಲ, ಊರಿನವರಿಗೆ ಅಂತ ಒಂದು ಜಾಗ ಇಟ್ಟಿದೀವಿ. ನಾನೇ ಅವರನ್ನ ಕೇಳಿದೆ. ಕುಣಿದಾಡಿಬಿಟ್ರು. ಮೂರು ವಾರ. ನೀವು ಮೇಷ್ಟ್ರು, ನೀವು ಹೂಂ ಅಂದ್ರೆ ನಾಳೆ ಬೆಳಿಗ್ಗೆ ಹೆಸರು ಕಳಿಸ್ತೀನಿ."

ಕುಣಿದಾಡಿಬಿಟ್ರು. ಆ ಹೆಂಗಸು ಕುಣಿದದ್ದನ್ನು ಮೇಷ್ಟ್ರು ಯಾವತ್ತೂ ಕಂಡಿರಲಿಲ್ಲ. ಹಡಗಿನಲ್ಲಿ ಜಾಗ ಬೇಕೆಂದು ಅವರು ಸ್ವತಃ ಈ ಕೋಣೆಗೆ ಬಂದು ಹೋದ ಸಲವೂ ಅದರ ಹಿಂದಿನ ಸಲವೂ ಸುತ್ತಿ ಬಳಸಿ ಕೇಳಿದ್ದರು. "ನಾನೂ ಒಮ್ಮೆ ಹೇಳಿದ್ದೆನಲ್ಲ," ಎಂದರು, ಯಾರದೋ ಪರವಾಗಿ ಜ್ಞಾಪಿಸುವವರಂತೆ.

"ನಿಮಗ್ಯಾಕೆ ಸಾರ್ ಈ ವಯಸ್ಸಲ್ಲಿ ಆ ಕಷ್ಟ," ಎಂದಳು ಮುಖ್ಯಸ್ಥೆ, ನಿಜವಾದ ಕಾಳಜಿಯಿಂದ. ಕಾಳಜಿ ನಿಜವಾಗಿದ್ದುದರಿಂದ ಉತ್ತರ ಕೊಡಲೂ ದಾರಿಯಿರಲಿಲ್ಲ. ಅಡ್ಡದಾರಿ ಮಾತ್ರ ಇತ್ತು.

"ಅವಳಿಗೆ ತಲೆಸುತ್ತು," ಎಂದರು ಮೇಷ್ಟ್ರು. "ಬಸ್ಸಿನಲ್ಲೇ ಆಗುವುದಿಲ್ಲ. ಇನ್ನು ಹಡಗು ಅಂದರೆ..."

"ಹೌದಾ? ನನ್ನ ಹತ್ತಿರ ಹೇಳಲೇ ಇಲ್ಲವಲ್ಲ."

"ಹೇಳಿಕೊಳ್ಳುವ ಸ್ವಭಾವ ಅಲ್ಲ ಅವಳದು." ಇದನ್ನು ಎಷ್ಟು ಮೃದುವಾಗಿ ಹೇಳಿದರೆಂದರೆ ತಮ್ಮ ಕಣ್ಣಂಚೇ ಒದ್ದೆಯಾಯಿತು. ಮುಖ್ಯಸ್ಥೆ ಪಾಪ, ಬೇರೆಯವರೊಬ್ಬರು ಕಾಯುತ್ತಿದ್ದಾರೆ, ಹಾಗಾದರೆ ಅವರ ಹೆಸರನ್ನೇ ಕಳಿಸುತ್ತೇನೆ ಎಂದಳು. ಮೇಷ್ಟ್ರು ಕಾರಿಡಾರಿನಲ್ಲಿ, ಮುಳುಗುತ್ತಿದ್ದ ಹೆಂಡತಿಯನ್ನು ಜುಟ್ಟು ಹಿಡಿದು ದಡಕ್ಕೆ ಎಳೆದು ತಂದವರ ಹಾಗೆ ಎದೆ ಮುಂದೆ ಮಾಡಿ ನಡೆದರು. ಆ ಭಾವನೆ ಮೆಟ್ಟಿಲವರೆಗೂ ಬಾಳಿಕೆ ಬಂತು. ಮೆಟ್ಟಿಲಿಳಿಯುವಾಗ, ಈಗ ತಾವು ಆಡಿದ ಮಾತಿನ ಧಾಟಿ ಎಲ್ಲೋ ಕೇಳಿದ್ದು ಎನ್ನಿಸಿತು. ವಾಕ್ಯ ಚೆನ್ನಾಗಿ ಬಂದಿತ್ತು.

ಮನೆಗೆ ಬಸ್ಸಿನಲ್ಲಿ ಹೋಗಲು ಮನಸ್ಸಾಗದೆ ಮೇಷ್ಟ್ರು ನಡೆದರು. ಬೆಳಕು ಇಳಿಯುವ ಹೊತ್ತಿಗೆ ಬಾಗಿಲು ತಳ್ಳಿದರೆ ಹೆಂಡತಿ ತಟ್ಟೆಗಳನ್ನು ಮೇಜಿಗೆ ತರುತ್ತ ಏನೋ ಗುನುಗುತ್ತಿದ್ದಳು. ಗುನುಗುವುದು ಅಪಾಯದ ಲಕ್ಷಣವೋ ಅಲ್ಲವೋ ಎಂದು ಅವರಿಗೆ ನಿಶ್ಚಯವಾಗಲಿಲ್ಲ, ಯಾಕೆಂದರೆ ಹೋಲಿಸಿ ನೋಡಲು ಹಿಂದಿನ ಗುನುಗು ಯಾವುದೂ ನೆನಪಿರಲಿಲ್ಲ. ಕೈ ತೊಳೆದು ಬಂದು ಕೂತರು. ಅವಳು ಬಡಿಸಿದಳು, ತಾನೂ ಬಡಿಸಿಕೊಂಡಳು. ನಡೆದು ಬರುತ್ತ ದಾರಿಯುದ್ದಕ್ಕೂ ಅವರು ಒಂದು ಸಮರ್ಥನೆ ಕಟ್ಟಿದ್ದರು. ಆ ಕಾಲದ ಹಡಗುಗಳು, ಆಗಿನ ಇಂಜಿನ್ನುಗಳು, ಮಾಹಿತಿಯ ಕೊರತೆ, ಕ್ಯಾಪ್ಟನ್ನಿನ ಸ್ವಭಾವ, ಉಪಸಂಹಾರವೂ ಸಿದ್ಧವಿತ್ತು. ಆರೋಪ ಒಂದು ಬರಬೇಕಿತ್ತು ಅಷ್ಟೆ. ಅವಳು ಆರಾಮವಾಗಿ ಉಣ್ಣುತ್ತಿದ್ದಳು.

"ಆ ಪ್ರಶ್ನೆ ಯಾಕೆ ಕೇಳಿದೆ?" ಎಂದು ಕೊನೆಗೆ ಅವರೇ ತೆಗೆದರು.

"ಯಾವ ಪ್ರಶ್ನೆ?"

"ಪ್ರವಾಹ ಎದುರಾದರೆ ಹಡಗು ವಾಪಸ್ ಬರುತ್ತಾ ಅಂತ."

ಅವಳು ಚಮಚ ತಟ್ಟೆಯಲ್ಲಿಟ್ಟಳು. ಮುಖದಲ್ಲಿ ನಾಚಿಕೆಯಂಥದ್ದೇನೋ ಬಂತು. "ನಗಬೇಡಿ. ಖಚಿತ ಆದ್ಮೇಲೆ ಹೇಳೋಣ ಅಂತಿದ್ದೆ. ನಿಮ್ಮ ಮುಖ್ಯಸ್ಥೆ ಹಡಗಿನಲ್ಲಿ ಜಾಗ ಇದೆ, ಬರ್ತೀರಾ ಅಂದ್ರು. ನಾನು ಹೂಂ ಅಂದೆ. ಆಮೇಲೆ ರಾತ್ರಿಯೆಲ್ಲ ಯೋಚನೆ, ನಾನು ಅಲ್ಲಿರೋವಾಗ ಇಲ್ಲಿ ನಿಮಗೆ ಏನಾದ್ರೂ ಆದ್ರೆ ಅಂತ. ಬಿ.ಪಿ. ಮಾತ್ರೆ ಒಂದು ದಿನ ನೆನಪಿಟ್ಟು ತಗೊಂಡವರಲ್ಲ. ಅದಕ್ಕೆ, ಎಷ್ಟೇ ದೂರ ಹೋಗಿದ್ರೂ ಎಷ್ಟು ಹೊತ್ತಿಗೆ ಬಂದು ಸೇರಬಹುದು ಅಂತ ಲೆಕ್ಕ ಹಾಕ್ತಿದ್ದೆ. ಪ್ರವಾಹ ಎದುರಾದ್ರೂ ಎರಡು ದಿನದ ಒಳಗೆ ಬಂದುಬಿಡಬಹುದು. ಲೆಕ್ಕ ಸರಿಯಾ?"

ಮೇಷ್ಟ್ರು ಎತ್ತಿದ ಚಮಚವನ್ನು ತಟ್ಟೆಗೇ ಇಳಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು, ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಹೊತ್ತುಕೊಂಡೇ ಬಂದಿದ್ದರು. ತಾವು ಯಾವ ಕಟಕಟೆಯಲ್ಲಿ ಇಷ್ಟು ದಿನ ಬೆವರುತ್ತ ನಿಂತಿದ್ದರೋ ಅಲ್ಲಿ ನ್ಯಾಯಾಧೀಶರೇ ಇರಲಿಲ್ಲ. ಅವಳು ಸಮುದ್ರವನ್ನು ಸುಮ್ಮನೆ ಕಲಿಯುತ್ತಿದ್ದಳು. ಸಕ್ಕರೆಯನ್ನು ಸಕ್ಕರೆ ಎಂದಿದ್ದಳು. ಅವಳ ಪ್ರಶ್ನೆಗಳಲ್ಲಿ ಮೇಷ್ಟ್ರು ಎಲ್ಲೂ ಇರಲಿಲ್ಲ. ಇದ್ದ ಒಂದೇ ಒಂದು ಪ್ರಶ್ನೆಯಲ್ಲಿ ಹೀಗೆ ಇದ್ದರು, ಬಿ.ಪಿ. ಏರಿ ಬಿದ್ದವರಾಗಿ, ಎರಡು ದಿನದ ದೂರದಿಂದ ಯಾರೋ ಓಡಿ ಬರುವುದನ್ನು ಕಾಯುವವರಾಗಿ.

"ಲೆಕ್ಕ ಸರಿ," ಎಂದರು. ಆಮೇಲೆ, "ನಾನು ಮುಖ್ಯಸ್ಥೆಗೆ ನಿನಗೆ ತಲೆಸುತ್ತು ಬರುತ್ತೆ ಅಂತ ಹೇಳಿದೆ," ಎಂದರು.

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮಾತಾಡಿದಾಗ ದನಿ ಕೌಂಟರಿನದ್ದಾಗಿತ್ತು. ಮೇಷ್ಟ್ರು ಅದನ್ನು ಎಂದೂ ಕಿಟಕಿಯ ಈ ಕಡೆಯಿಂದ ಕೇಳಿರಲಿಲ್ಲ. "ಯಾವಾಗ?"

"ಇವತ್ತು. ಕ್ಲಾಸು ಮುಗಿದ ಮೇಲೆ."

"ಎಲ್ಲಿ?"

"ಅವಳ ಕೋಣೆಯಲ್ಲಿ."

"ಯಾಕೆ?"

ಯಾಕೆ ಎಂಬ ಪ್ರಶ್ನೆಗೆ ಉತ್ತರಿಸುವುದೇ ಮೇಷ್ಟ್ರ ವೃತ್ತಿ. ಭೂಮಿಯ ಸುತ್ತುವಿಕೆ, ಗಾಳಿಯ ಒತ್ತಡ, ಉಪ್ಪಿನ ಭಾರ, ಎಲ್ಲವನ್ನೂ ಹುಡುಕಿದರು. "ಭಯ ಆಯಿತು," ಎಂಬುದಷ್ಟೇ ಸಿಕ್ಕಿತು. "ಮೂರು ವಾರ ಈ ಮನೆಯಲ್ಲಿ ಒಬ್ಬನೇ ಇರಬೇಕಲ್ಲ ಅಂತ."

"ಅಪ್ಪನಿಗೂ ಆವತ್ತು ಅದೇ ಭಯ," ಎಂದಳು ಅವಳು. "ಒಬ್ಬನೇ ಆಗಿಬಿಟ್ಟೆ ಅಂತಿದ್ರು. ನಾನು ಪಕ್ಕದಲ್ಲೇ ಇದ್ದೆ, ಆದ್ರೂ."

"ಆವತ್ತು ಪ್ರವಾಹ..." ಎಂದು ಮೇಷ್ಟ್ರು ಶುರುಮಾಡಿದರು.

"ಬಿಡಿ. ಅದು ಸುಳ್ಳು ಅಂತ ತಿಳಿಯೋಕೆ ನಾನು ನಿಮ್ಮ ಕ್ಲಾಸಿಗೆ ಬರಬೇಕಾಗಿರಲಿಲ್ಲ. ಅಷ್ಟು ವರ್ಷ ದೂರು ಕೇಳಿದೀನಿ. ಪೈಪು ಒಡೆದಿದ್ಯೋ, ಇವರೇ ನಲ್ಲಿ ಮುಚ್ಚಿಟ್ಟುಕೊಂಡು ಬಂದಿದಾರೋ, ಮೊದಲ ಮಾತಲ್ಲೇ ಗೊತ್ತಾಗತ್ತೆ." ನೀರಿನ ಲೋಟ ಎತ್ತಿ ಕುಡಿದಳು. "ಆಗ ಸಿಟ್ಟು ಬಂದಿತ್ತು. ತುಂಬಾನೇ. ಆಮೇಲೆ ಅಂದ್ಕೊಂಡೆ, ಬಾರದೇ ಇದ್ದಿದ್ದೂ ಒಂದು ಲೆಕ್ಕಕ್ಕೆ ವಾಸಿ. ಬಂದಿದ್ರೆ ಡಾಕ್ಟರಿಗೇ ಪಾಠ ಮಾಡ್ತಿದ್ರಿ."

ಅವಳು ಎದ್ದು ಕೈ ಒರೆಸಿಕೊಂಡು ಫೋನು ತೆಗೆದು, ಗೋಡೆಗೆ ಒರಗಿ ನಿಂತು, ಮುಖ್ಯಸ್ಥೆಗೆ ಕರೆ ಮಾಡಿದಳು. ತನ್ನ ಹೆಸರು ಹೇಳಬೇಕಾಗಿ ಬರಲಿಲ್ಲ; ಆ ಕಡೆಯವಳಿಗೆ ದನಿಯೇ ಸಾಕಾದಂತಿತ್ತು. "ಇಲ್ಲಮ್ಮ, ನಾನು ಬರ್ತೀನಿ. ಹೆಸರು ಕಳಿಸಿಬಿಡಿ... ತಲೆಸುತ್ತಾ? ಇವತ್ತಿನವರೆಗೆ ಬಂದಿಲ್ಲ. ಬಂದ್ರೂ ಬರಬಹುದು, ಹಡಗು ಹತ್ತಿದವಳಲ್ಲ ನಾನು. ಬಂದ್ರೆ ವಾಂತಿ ಮಾಡ್ಕೊತೀನಿ. ಬಕೆಟ್ ಇರತ್ತೆ ತಾನೇ?"

ಫೋನಿನಿಂದ ನಗು ಕೇಳಿಸಿತು. ಮೂರು ವರ್ಷ ತಮ್ಮ ಪಾಠಕ್ಕೆ ಒಮ್ಮೆಯೂ ನಗದೆ ಹೋದ ಹುಡುಗಿ ಹೀಗೆ ನಗುತ್ತಾಳೆಂದು ಮೇಷ್ಟ್ರಿಗೆ ತಿಳಿದಿರಲಿಲ್ಲ. ಕಾಯುತ್ತಿದ್ದ ಇನ್ನೊಬ್ಬರು ಮುಂದಿನ ಸಲ ಹೋಗಬಹುದಂತೆ. ಬೆಚ್ಚನೆಯ ಬಟ್ಟೆ ಎಷ್ಟು ಬೇಕು, ಜಾರದ ಚಪ್ಪಲಿ ಎಲ್ಲಿ ಸಿಗತ್ತೆ, ರಾತ್ರಿ ಪಾಳಿಯಲ್ಲಿ ನೀರಿನ ಮಾದರಿ ತೆಗೆಯೋಕೆ ತನ್ನನ್ನೂ ಬಿಡ್ತಾರಾ ಎಂದೆಲ್ಲ ಅವಳು ಕೇಳುತ್ತಿದ್ದಳು; ಆ ಕಡೆಯಿಂದ ಉದ್ದುದ್ದ ಉತ್ತರಗಳು ಬರುತ್ತಿದ್ದವು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಮೇಷ್ಟ್ರು ಚಮಚ ಹಿಡಿದುಕೊಂಡು, ಅಲುಗಾಡಿದರೆ ಸದ್ದಾದೀತೆಂದು ಉಸಿರು ಬಿಗಿಹಿಡಿದು, ಆ ಮಾತುಕತೆಯಲ್ಲಿ ಒಮ್ಮೆಯಾದರೂ ತಮ್ಮ ವಿಷಯ ಬರುತ್ತದೇನೋ ಎಂದು ಕಿವಿಗೊಟ್ಟು ಕೂತಿದ್ದರು. ಮಾತು ತುಂಬ ಹೊತ್ತು ನಡೆಯಿತು. ಬರಲಿಲ್ಲ.